ಸಿಗ್ನಲ್ ಇದೆ, ಸಂಪರ್ಕ ಇಲ್ಲ – ಏಕೆ?

ಮಕ್ಕಳೇ, ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಶ್ರೀಗಂಧದ ಕಾವಲ್ ಎಂಬ ಬಡಾವಣೆಯಿದೆ. ಇಂಥ ಬಡಾವಣೆಗಳಲ್ಲಿ ಲ್ಯಾಪ್‌ಟಾಪ್ ತೆರೆದು ವೈ-ಫೈ ಪಟ್ಟಿ ನೋಡಿದರೆ ನಮ್ಮ ಮನೆಯ ಜೊತೆಗೆ ಅಕ್ಕಪಕ್ಕದ ಮನೆಗಳ ಹೆಸರುಗಳೂ ಕಾಣುತ್ತವೆ. ಕೆಲವೊಮ್ಮೆ ನಮ್ಮ ಹೆಸರಿನ ಮುಂದೆ ಸಿಗ್ನಲ್ ಗೆರೆಗಳು ಪೂರ್ತಿ ಇರುತ್ತವೆ. ಪಾಸ್‌ವರ್ಡ್ ಕೊಟ್ಟರೂ ಸಂಪರ್ಕ ಮಾತ್ರ ಸಿಗುವುದಿಲ್ಲ! ಇದು ಹೇಗೆ?

ತರಂಗ ಬೇರೆ, ಬೀಗ ಬೇರೆ

ಮನೆಯ ರೂಟರ್ ಮತ್ತು ಲ್ಯಾಪ್‌ಟಾಪ್ ರೇಡಿಯೊ ತರಂಗಗಳ ಮೂಲಕ ಮಾತನಾಡುತ್ತವೆ. 2.4 ಗಿಗಾಹರ್ಟ್ಸ್ ಆವರ್ತನದ ತರಂಗದ ಉದ್ದ ಸುಮಾರು 12.5 ಸೆಂಟಿಮೀಟರ್. ಈ ತರಂಗಗಳು ಗೋಡೆ ದಾಟಿ ಬೀದಿಗೂ ಹೋಗುತ್ತವೆ. ಆದ್ದರಿಂದ ಮಾಹಿತಿಯನ್ನು ಬೇರೆಯವರಿಗೆ ಅರ್ಥವಾಗದ ಗೂಢಲಿಪಿಗೆ ಬದಲಾಯಿಸಿ ಕಳುಹಿಸುತ್ತಾರೆ. ಇದೇ ವೈ-ಫೈನ ಬೀಗ. ಸಿಗ್ನಲ್ ಗೆರೆಗಳು ತರಂಗ ತಲುಪಿದೆ ಎಂದಷ್ಟೇ ಹೇಳುತ್ತವೆ. ಬೀಗ ತೆರೆಯಿತೇ ಎಂಬುದು ಬೇರೆ ಮಾತು.

ಮಾಡಿ ನೋಡಿ

ನೀವು ರೂಟರ್, ನಿಮ್ಮ ಗೆಳತಿ ಲ್ಯಾಪ್‌ಟಾಪ್. ಇಬ್ಬರಿಗೂ ಗೊತ್ತಿರುವ ಗುಟ್ಟಿನ ಸಂಖ್ಯೆ 37. ನೀವು 58 ಎಂದು ಗಟ್ಟಿಯಾಗಿ ಹೇಳಿ. ಗೆಳತಿ ಮನಸ್ಸಿನಲ್ಲೇ 37 × 58 = 2146 ಎಂದು ಗುಣಿಸಿ, ಕೊನೆಯ ಎರಡು ಅಂಕಿ 46 ಅನ್ನು ಮಾತ್ರ ಹೇಳಲಿ. ನೀವೂ ಗುಣಿಸಿ ತಾಳೆ ನೋಡಿ. ಅವಳು ಗುಟ್ಟನ್ನು ತಪ್ಪಾಗಿ 73 ಎಂದುಕೊಂಡಿದ್ದರೆ ಉತ್ತರ 34 ಬರುತ್ತದೆ. ತಾಳೆಯಾಗದು!

2004ರಲ್ಲಿ ಬಂದ ಡಬ್ಲ್ಯುಪಿಎ2 ಎಂಬ ಬೀಗವೂ ಹೆಚ್ಚುಕಡಿಮೆ ಹೀಗೆಯೇ ಪರೀಕ್ಷಿಸುತ್ತದೆ. ಅದರ ಲೆಕ್ಕ ಮಾತ್ರ ಬಹಳ ಕಠಿಣ. ಗಮನಿಸಿದಿರಾ? ಗುಟ್ಟು ಗಾಳಿಯಲ್ಲಿ ಹೋಗಲೇ ಇಲ್ಲ. ಹಾಗಾಗಿ ಯಾವ ಅಕ್ಷರ ತಪ್ಪಿದೆ ಎಂದು ರೂಟರ್ ಹೇಳಲಾರದು. ಅದನ್ನು ನಾವೇ ಹುಡುಕಬೇಕು.

ದೋಷ ಹುಡುಕುವ ಕ್ರಮ

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯದು.

1. ಮೊಬೈಲನ್ನು ಅದೇ ವೈ-ಫೈಗೆ ಜೋಡಿಸಿ. ಅದು ಸೇರಿಕೊಂಡರೆ ಲ್ಯಾಪ್‌ಟಾಪಿನ ಕಡೆ ಹುಡುಕಿ.

2. ಲ್ಯಾಪ್‌ಟಾಪಿನಲ್ಲಿ ಹಳೆಯ ಪಾಸ್‌ವರ್ಡ್ ಉಳಿದಿರಬಹುದು. ಅದನ್ನು ಅಳಿಸಿ ಹೊಸದಾಗಿ ಟೈಪ್ ಮಾಡಿ. ಇಂಗ್ಲಿಷಿನ ದೊಡ್ಡಕ್ಷರ-ಸಣ್ಣಕ್ಷರ, ಸೊನ್ನೆ ಮತ್ತು 'ಓ' ಅಕ್ಷರ ಅದಲುಬದಲಾಗಿವೆಯೇ ನೋಡಿ.

3. 2018ರಲ್ಲಿ ಡಬ್ಲ್ಯುಪಿಎ3 ಎಂಬ ಹೊಸ ಬೀಗ ಬಂದಿತು. ರೂಟರ್ ಅದನ್ನು ಮಾತ್ರ ಒಪ್ಪುವಂತಿದ್ದರೆ ಹಳೆಯ ಲ್ಯಾಪ್‌ಟಾಪ್ ಸೇರಲಾರದು. ಎರಡೂ ಬಗೆಯನ್ನು ಒಪ್ಪುವ ಆಯ್ಕೆ ರೂಟರಿನಲ್ಲಿದ್ದರೆ ಹಿರಿಯರ ನೆರವಿನಿಂದ ಅದನ್ನು ಆರಿಸಿ.

4. 'ಸಂಪರ್ಕವಿದೆ, ಆದರೆ ಅಂತರ್ಜಾಲವಿಲ್ಲ' ಎಂದು ತೋರಿಸುತ್ತಿದೆಯೇ? ಹಾಗಾದರೆ ಬೀಗ ತೆರೆದಿದೆ. ಮೊಬೈಲಿನಲ್ಲೂ ಹೀಗೆಯೇ ಇದ್ದರೆ ರೂಟರನ್ನು ಆರಿಸಿ ಮತ್ತೆ ಹಚ್ಚಿ, ಹೊರಗಿನಿಂದ ಬರುವ ಕೇಬಲ್ ನೋಡಿ.

ಬೀಗ ತೆಗೆಯಬೇಡಿ

ಬೇಸರದಿಂದ ಪಾಸ್‌ವರ್ಡನ್ನೇ ತೆಗೆದುಬಿಟ್ಟರೆ ಲ್ಯಾಪ್‌ಟಾಪ್ ಸೇರಿಕೊಂಡೀತು. ಆದರೆ ಬೀದಿಯಲ್ಲಿ ನಿಂತವರೂ ಸೇರಿಕೊಳ್ಳಬಹುದು, ನಮ್ಮ ಮಾಹಿತಿಯನ್ನು ಕದ್ದು ನೋಡಲೂಬಹುದು. ಶ್ರೀಗಂಧದ ಕಾವಲ್ ಎಂಬ ಹೆಸರಿನಲ್ಲೇ ಕಾವಲು ಇದೆ. ಮನೆಯ ವೈ-ಫೈಗೂ ಕಾವಲು ಬೇಡವೇ? ದುರ್ಬಲ ಬೀಗವೂ ಸಾಲದು. ಡಬ್ಲ್ಯುಇಪಿ ಎಂಬ ಮೊದಲ ಬೀಗದ ದೌರ್ಬಲ್ಯವನ್ನು ಫ್ಲೂರರ್, ಮಾಂಟಿನ್ ಮತ್ತು ಶಮೀರ್ ಎಂಬ ವಿಜ್ಞಾನಿಗಳು 2001ರಲ್ಲೇ ತೋರಿಸಿದ್ದರು.

ನಮ್ಮ ಆಟದ ಎರಡಂಕಿ ಗುಟ್ಟನ್ನು ಊಹಿಸಲು ಹೆಚ್ಚೆಂದರೆ 100 ಪ್ರಯತ್ನ ಸಾಕು. ಡಬ್ಲ್ಯುಪಿಎ2 ಪಾಸ್‌ವರ್ಡಿನಲ್ಲಿ ಕನಿಷ್ಠ 8 ಅಕ್ಷರ ಇರಬೇಕು. ಇಂಗ್ಲಿಷಿನ ಸಣ್ಣಕ್ಷರಗಳನ್ನಷ್ಟೇ ಬಳಸಿದರೂ 20 ಸಾವಿರ ಕೋಟಿಗೂ ಹೆಚ್ಚು ಜೋಡಣೆಗಳು ಸಾಧ್ಯ. ಆದರೆ ನಿಮ್ಮ ಹೆಸರನ್ನೋ 12345678 ಎಂದೋ ಇಟ್ಟರೆ ಆ ಲಾಭವೆಲ್ಲ ವ್ಯರ್ಥ.

ಯೋಚಿಸಿ: ರೂಟರ್ ಪ್ರತಿ ಸಲವೂ ಹೊಸ ಸಂಖ್ಯೆಯನ್ನೇ ಹೇಳುತ್ತದೆ. ಪ್ರತಿ ಸಲವೂ 58 ಎಂದೇ ಹೇಳಿದರೆ ಏನಾಗುತ್ತದೆ? ಕದ್ದು ಕೇಳುವ ಮೂರನೆಯವರನ್ನು ಸೇರಿಸಿಕೊಂಡು ಆಟ ಆಡಿ ನೋಡಿ.