ಮನೆ ಬದಲಿಸುವಾಗ ಹವಳದ ತೊಟ್ಟಿ

ಉಪ್ಪುನೀರಿನ ಪುಟ್ಟ ಅಕ್ವೇರಿಯಂ ಇಟ್ಟುಕೊಂಡವರು ಮನೆ ಬದಲಿಸುವಾಗ ಅದನ್ನು ಸಾಮಾನು ಸಾಗಿಸುವವರ ಕೈಗೆ ಬಿಡಬೇಡಿ. ನೀರು, ಮರಳು ಇದ್ದಂತೆಯೇ ಎತ್ತಿದರೆ ಗಾಜಿನ ಸಿಲಿಕೋನ್ ಅಂಟು ಬಿಟ್ಟುಕೊಳ್ಳುತ್ತದೆ.

ಮೊದಲು ಕಾಪಾಡಬೇಕಾದದ್ದು ಕಲ್ಲುಗಳನ್ನು. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾಗಳ ಮನೆಯೇ ಆ ಕಲ್ಲಿನ ಸಣ್ಣ ರಂಧ್ರಗಳು. ಕಲ್ಲು ಒಣಗಿತೋ, ಅವೂ ಹೋದವು. ಮುಚ್ಚಳದ ಬಕೆಟ್ಟಿನಲ್ಲಿ ಹಳೆಯ ನೀರಲ್ಲೇ ಮುಳುಗಿಸಿ ಒಯ್ಯಿರಿ. ಮೆದು ಹವಳಗಳಿಗೆ ಬೇರೆ ಬೇರೆ ಡಬ್ಬಿ ಇರಲಿ. ಕಲ್ಲು, ಹವಳ ಹೊರಗೆ ಬಂದ ಮೇಲೆ ಮೀನು ಸುಲಭವಾಗಿ ಸಿಗುತ್ತದೆ. ಅದಕ್ಕೆ ಮೊದಲೇ ಬಲೆ ಹಾಕಿ ಅಟ್ಟಾಡಿಸಿದರೆ ಪಾಪ, ಹೆದರಿ ಸೋತುಹೋಗುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎಷ್ಟು ಹೊತ್ತಾದೀತೋ, ಬ್ಯಾಟರಿಯ ಏರ್ ಪಂಪ್ ಜೊತೆಗಿರಲಿ.

ಹಳೆಯ ಮರಳಿನ ಆಸೆ ಬಿಡಿ. ಕಲಕಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್, ಮೀನಿಗೆ ವಿಷ. ಹೊಸ ಮರಳನ್ನು ತೊಳೆದು ಹಾಕಿ.

ಹೊಸ ಉಪ್ಪುನೀರನ್ನು ಹಿಂದಿನ ದಿನವೇ ಆರ್‌ಓ ನೀರಿನಲ್ಲಿ ಕಲಸಿಡಿ: ಸಾಪೇಕ್ಷ ಸಾಂದ್ರತೆ 1.025, ಉಷ್ಣತೆ 25–26 ಡಿಗ್ರಿ ಸೆಲ್ಸಿಯಸ್. ಖಾಲಿ ಜಾಗ ತುಂಬಲೆಂದು ಗಟ್ಟಿ ಹವಳ ಮಾತ್ರ ಕೊಳ್ಳಬೇಡಿ, ಅವಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಮುಂದಿನ ಎರಡು ವಾರ ಅಮೋನಿಯಾ ಪರೀಕ್ಷಿಸುತ್ತಿರಿ. ಸೊನ್ನೆ ದಾಟಿದರೆ ಮೀನಿಗೆ ಆಹಾರ ಕಡಿಮೆ ಮಾಡಿ, ಸ್ವಲ್ಪ ನೀರು ಬದಲಿಸಿ.