ವಾಹನದ ಸ್ಪ್ರಿಂಗು: ಹೊರುವುದು, ತಣಿಸುವುದು, ಹೊಂದಿಸುವುದು

ಹೊಲದಿಂದ ಊರಿಗೆ ಎತ್ತಿನ ಗಾಡಿಯಲ್ಲಿ ಬರುವವನಿಗೂ ಅದೇ ದಾರಿಯಲ್ಲಿ ಬಸ್ಸಿನಲ್ಲಿ ಬರುವವನಿಗೂ ಆಗುವ ಅನುಭವ ಒಂದೇ ಅಲ್ಲ. ನಮ್ಮ ಕಡೆಯ ಹಳೆಯ ಗಾಡಿಗಳಲ್ಲಿ ಅಚ್ಚಿನ ಮೇಲೆ ನೇರವಾಗಿ ಗಾಡಿಯ ಮೈ ಕುಳಿತಿರುತ್ತದೆ. ಚಕ್ರ ಒಂದು ಗೇಣು ಕಲ್ಲನ್ನು ಹತ್ತಿದರೆ ಗಾಡಿಯೂ ಹತ್ತುತ್ತದೆ, ಕುಳಿತವನೂ ಹತ್ತುತ್ತಾನೆ. ಬಸ್ಸಿನಲ್ಲಿಯಾದರೋ ಚಕ್ರಕ್ಕೂ ಮೈಗೂ ನಡುವೆ ಉಕ್ಕಿನ ಕಮಾನು ಪಟ್ಟಿಗಳಿರುತ್ತವೆ. ಚಕ್ರ ಮೇಲೆದ್ದಾಗ ಪಟ್ಟಿ ಬಾಗುತ್ತದೆ. ಮೈ ಅಷ್ಟಾಗಿ ಏಳುವುದಿಲ್ಲ. ಹಿಂದೆ ಪಟ್ಟಣಗಳಲ್ಲಿ ಓಡುತ್ತಿದ್ದ ಜಟಕಾ ಗಾಡಿಗೂ ಇಂತಹ ಕಮಾನು ಇತ್ತು.

ವಿದ್ಯಾರ್ಥಿ ಮಿತ್ರರೆ, ಈಗ ಮನೆಮನೆಗೂ ಮೋಟಾರು ಸೈಕಲ್ಲು ಬಂದಿದೆ, ಕಾರುಗಳೂ ಹೆಚ್ಚಿವೆ. ಅವುಗಳ ಸ್ಪ್ರಿಂಗನ್ನು ತಾವೇ ಬದಲಿಸಿ, ತಾವೇ ಎತ್ತರ ತಗ್ಗು ಮಾಡಿಕೊಳ್ಳುವ ಹವ್ಯಾಸವೂ ಯುವಕರಲ್ಲಿ ಬೆಳೆದಿದೆ. ಈ ಕೆಲಸದ ಹಿಂದಿರುವ ಭೌತಶಾಸ್ತ್ರ ನಮ್ಮ ಪಠ್ಯಪುಸ್ತಕದ್ದೇ. ಅದನ್ನು ತಿಳಿಯದೆ ಸ್ಪಾನರ್ ಹಿಡಿದರೆ ಪ್ರಾಣಕ್ಕೇ ಅಪಾಯ. ಆದುದರಿಂದ ಮೊದಲು ತತ್ವವನ್ನೂ ಅನಂತರ ಕ್ರಮವನ್ನೂ ತಿಳಿಯೋಣ.

1. ಸ್ಪ್ರಿಂಗಿನ ನಿಯಮ

ಇಂಗ್ಲೆಂಡಿನ ರಾಬರ್ಟ್ ಹೂಕ್ (1635–1703) ಎಂಬ ವಿಜ್ಞಾನಿ 1678ರಲ್ಲಿ ಸ್ಪ್ರಿಂಗಿನ ನಿಯಮವನ್ನು ಪ್ರಕಟಿಸಿದನು. ಸ್ಥಿತಿಸ್ಥಾಪಕ ಮಿತಿಯೊಳಗೆ, ಸ್ಪ್ರಿಂಗು ಎಷ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ ಎಂಬುದು ಅದರ ಮೇಲೆ ಬಿದ್ದ ಬಲಕ್ಕೆ ಅನುಪಾತದಲ್ಲಿರುತ್ತದೆ. ಬಲ ಎರಡರಷ್ಟಾದರೆ ಕುಗ್ಗುವಿಕೆಯೂ ಎರಡರಷ್ಟು.

ಒಂದು ಲೆಕ್ಕ ಮಾಡೋಣ. ಕಾರಿನ ಒಂದು ಮೂಲೆಯ ಸ್ಪ್ರಿಂಗಿನ ಮೇಲೆ 250 ಕಿ.ಗ್ರಾಂ. ಭಾರವಿದೆ ಎಂದಿಟ್ಟುಕೊಳ್ಳಿರಿ. ಅದು ಸುಮಾರು 2450 ನ್ಯೂಟನ್ ಬಲ. ಸ್ಪ್ರಿಂಗನ್ನು ಒಂದು ಮಿಲಿಮೀಟರ್ ಒತ್ತಲು 25 ನ್ಯೂಟನ್ ಬೇಕಾದರೆ, ಈ ಭಾರಕ್ಕೆ ಅದು 2450 ÷ 25 = 98 ಮಿ.ಮೀ. ಕುಗ್ಗಿ ನಿಲ್ಲುತ್ತದೆ. ಒಂದು ಮಿಲಿಮೀಟರಿಗೆ 50 ನ್ಯೂಟನ್ ಬೇಡುವ ಬಿರುಸಾದ ಸ್ಪ್ರಿಂಗು ಹಾಕಿದರೆ 49 ಮಿ.ಮೀ. ಮಾತ್ರ ಕುಗ್ಗುತ್ತದೆ. ಈ ಸಂಖ್ಯೆಗಳನ್ನು ನೆನಪಿಡಿರಿ, ಮುಂದೆ ಬೇಕಾಗುತ್ತವೆ.

2. ಸ್ಪ್ರಿಂಗು ಒಂದೇ ಸಾಲದು

ಒತ್ತಿ ಬಿಟ್ಟ ಸ್ಪ್ರಿಂಗು ಒಮ್ಮೆಗೇ ಸುಮ್ಮನಾಗುವುದಿಲ್ಲ. ಮೇಲೆ ಕೆಳಗೆ ಆಂದೋಲಿಸುತ್ತದೆ. ಮೇಲಿನ ಲೆಕ್ಕದ ಮೆದು ಸ್ಪ್ರಿಂಗಿನ ಮೇಲೆ ಕುಳಿತ ಕಾರು ಒಂದು ಆಂದೋಲನಕ್ಕೆ ಸುಮಾರು 0.63 ಸೆಕೆಂಡು ತೆಗೆದುಕೊಳ್ಳುತ್ತದೆ. ಬಿರುಸಾದುದರ ಮೇಲೆ ಸುಮಾರು 0.44 ಸೆಕೆಂಡು. ತಡೆಯುವುದು ಏನೂ ಇಲ್ಲದಿದ್ದರೆ ಒಂದು ಗುಂಡಿ ದಾಟಿದ ಕಾರು ಮುಂದಿನ ತಿರುವಿನವರೆಗೂ ಕುಣಿಯುತ್ತಲೇ ಹೋಗುತ್ತದೆ. ಕುಣಿಯುವಾಗ ಚಕ್ರ ನೆಲವನ್ನು ಸರಿಯಾಗಿ ಹಿಡಿಯದು. ಆಗ ಬ್ರೇಕು ಹಾಕಿದರೂ ಪ್ರಯೋಜನ ಕಡಿಮೆ.

ಕಮಾನು ಪಟ್ಟಿಗೆ ಒಂದು ಅನುಕೂಲವಿದೆ. ಅದರಲ್ಲಿ ಒಂದರ ಮೇಲೊಂದು ಜೋಡಿಸಿದ ಪಟ್ಟಿಗಳು ಉಜ್ಜಿಕೊಳ್ಳುವುದರಿಂದ ಆ ಘರ್ಷಣೆಯೇ ಆಂದೋಲನವನ್ನು ಸ್ವಲ್ಪ ತಣಿಸುತ್ತದೆ. ಸುರುಳಿ ಸ್ಪ್ರಿಂಗಿನಲ್ಲಿ ಇಂತಹ ಘರ್ಷಣೆ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಅದಕ್ಕೆ ಜೊತೆಗಾರನೊಬ್ಬ ಬೇಕೇ ಬೇಕು. ಅವನೇ ಶಾಕ್ ಅಬ್ಸಾರ್ಬರ್.

ಇದು ಎಣ್ಣೆ ತುಂಬಿದ ಕೊಳವೆ. ಒಳಗೆ ಸಣ್ಣ ರಂಧ್ರಗಳುಳ್ಳ ಪಿಸ್ಟನ್ ಇರುತ್ತದೆ. ಪಿಸ್ಟನ್ ಚಲಿಸಿದಾಗ ಎಣ್ಣೆ ಆ ರಂಧ್ರಗಳ ಮೂಲಕ ನುಸುಳಬೇಕು. ನುಸುಳುವಾಗ ಚಲನಶಕ್ತಿಯು ಉಷ್ಣವಾಗಿ ಬದಲಾಗುತ್ತದೆ. ಕೆಟ್ಟ ರಸ್ತೆಯಲ್ಲಿ ಬಹಳ ದೂರ ಓಡಿದ ಗಾಡಿಯ ಶಾಕ್ ಅಬ್ಸಾರ್ಬರ್ ಬಿಸಿಯಾಗಿರುವುದು ಈ ಕಾರಣದಿಂದಲೇ. ಹೆಸರು ಏನೇ ಇರಲಿ, ಗಾಡಿಯ ಭಾರ ಹೊರುವುದು ಸ್ಪ್ರಿಂಗು. ಅದರ ಕುಣಿತವನ್ನು ತಣಿಸುವುದು ಶಾಕ್ ಅಬ್ಸಾರ್ಬರ್. ಈ ಎರಡು ಕೆಲಸಗಳನ್ನು ಒಂದೆಂದು ತಿಳಿಯಬಾರದು.

3. ಎರಡೂ ಒಂದೇ ಕಡೆ

ಶಾಕ್ ಅಬ್ಸಾರ್ಬರಿನ ಸುತ್ತಲೇ ಸುರುಳಿ ಸ್ಪ್ರಿಂಗನ್ನು ಕೂರಿಸಿದರೆ ಜಾಗ ಉಳಿಯುತ್ತದೆ. ಅಮೆರಿಕದ ಎಂಜಿನಿಯರ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಸ್ಟ್ರಟ್ ಇದೇ ಬಗೆಯದು. ಅಂಬಾಸಡರ್ ಕಾರಿನ ಹಿಂಬದಿಯಲ್ಲಿ ಕಮಾನು ಪಟ್ಟಿಗಳಿದ್ದವು. 1983ರಲ್ಲಿ ಬಂದ ಮಾರುತಿ 800 ಕಾರಿನ ಮುಂಭಾಗದಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್ ಇತ್ತು. ನಮ್ಮ ಸಮೀಪದ ಉದಾಹರಣೆಯೂ ಇದೆ. ಮಡಕಶಿರಾ, ಪೆನುಕೊಂಡಗಳು 2022ರವರೆಗೆ ಅನಂತಪುರ ಜಿಲ್ಲೆಯಲ್ಲಿದ್ದು ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ. ಪೆನುಕೊಂಡದ ಹತ್ತಿರದ ಕಿಯಾ ಕಾರ್ಖಾನೆಯಿಂದ 2019ರಲ್ಲಿ ಹೊರಬಂದ ಸೆಲ್ಟೋಸ್ ಕಾರಿನ ಮುಂದಿನ ಚಕ್ರಗಳಿಗೂ ಇದೇ ಸ್ಟ್ರಟ್. ಹಿಂದೆ ಮಾತ್ರ ಸ್ಪ್ರಿಂಗು ಬೇರೆ, ಶಾಕ್ ಅಬ್ಸಾರ್ಬರ್ ಬೇರೆ.

ರೈಲಿನಲ್ಲಿಯೂ ಇದನ್ನು ಕಾಣಬಹುದು. 1955ರಲ್ಲಿ ಪ್ರಾರಂಭವಾದ ಪೆರಂಬೂರಿನ ಬೋಗಿ ಕಾರ್ಖಾನೆಯ ಹಳೆಯ ಮಾದರಿಯ ಬೋಗಿಗಳಲ್ಲಿ, ಚಕ್ರದ ಅಚ್ಚಿನ ಪೆಟ್ಟಿಗೆಯ ಮೇಲೆ ಸುರುಳಿ ಸ್ಪ್ರಿಂಗು; ಅದರ ಒಳಗೇ ಎಣ್ಣೆಯ ಕೊಳವೆ ಮತ್ತು ಪಿಸ್ಟನ್. ಆ ಮಾದರಿಯ ತಯಾರಿಕೆ 2018ರಲ್ಲಿ ನಿಂತಿತು.

ಅಂಗಡಿಯಲ್ಲಿ ಪ್ರತ್ಯೇಕವಾಗಿ ದೊರೆಯುವ ‘ಕಾಯಿಲ್‌ಓವರ್’ ಎಂಬುದು ಇದೇ ಜೋಡಿ. ಒಂದೇ ವ್ಯತ್ಯಾಸ: ಶಾಕ್ ಅಬ್ಸಾರ್ಬರಿನ ಹೊರಮೈಗೆ ತಿರುಪಿನ ಮರೆಗಳನ್ನು ಕೊರೆದು, ಸ್ಪ್ರಿಂಗಿನ ಕೆಳಗೆ ಒಂದು ಬಳೆಯನ್ನು ಹಾಕಿರುತ್ತಾರೆ. ಬಳೆಯನ್ನು ತಿರುಗಿಸಿದರೆ ಸ್ಪ್ರಿಂಗಿನ ಆಸನ ಮೇಲಕ್ಕೆ ಅಥವಾ ಕೆಳಕ್ಕೆ ಸರಿಯುತ್ತದೆ. ಕೆಲವು ಬಗೆಯಲ್ಲಿ ತಣಿಸುವ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುವ ಗುಂಡಿಯೂ ಇರುತ್ತದೆ.

4. ಬಳೆ ತಿರುಗಿಸಿದರೆ ಏನಾಗುತ್ತದೆ?

ಬಳೆಯನ್ನು ಬಿಗಿದರೆ ಸ್ಪ್ರಿಂಗು ಬಿರುಸಾಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಇದು ತಪ್ಪು. ಹೂಕನ ನಿಯಮವನ್ನೇ ಹಿಡಿದು ನೋಡಿರಿ. ಕಾರಿನ ಭಾರ 250 ಕಿ.ಗ್ರಾಂ. ಹಾಗೆಯೇ ಇದೆ, ಸ್ಪ್ರಿಂಗು ಅದೇ, ಆದುದರಿಂದ ಅದು 98 ಮಿ.ಮೀ. ಕುಗ್ಗಿಯೇ ನಿಲ್ಲಬೇಕು. ಬಳೆಯನ್ನು 20 ಮಿ.ಮೀ. ಮೇಲಕ್ಕೆ ಸರಿಸಿದರೆ ಸ್ಪ್ರಿಂಗು ಹೆಚ್ಚು ಕುಗ್ಗುವುದಿಲ್ಲ. ಅದರ ಮೇಲೆ ಕುಳಿತ ಕಾರು ಸುಮಾರು 20 ಮಿ.ಮೀ. ಏಳುತ್ತದೆ, ಅಷ್ಟೆ. ಬಿರುಸು ಬೇಕಾದರೆ ಬೇರೆ ಸ್ಪ್ರಿಂಗು ಹಾಕಬೇಕು. ಬಳೆ ಬದಲಿಸುವುದು ಎತ್ತರವನ್ನು, ಬಿರುಸನ್ನಲ್ಲ.

ಇನ್ನೊಂದು ಬದಲಾವಣೆಯೂ ಆಗುತ್ತದೆ. ಬಳೆಯನ್ನು ಇಳಿಸಿ ಕಾರನ್ನು ತಗ್ಗಿಸಿದರೆ, ಚಕ್ರ ಮೇಲೇಳಲು ಇರುವ ಅವಕಾಶ ಅಷ್ಟೇ ಕಡಿಮೆಯಾಗುತ್ತದೆ. 80 ಮಿ.ಮೀ. ಅವಕಾಶವಿದ್ದ ಕಾರನ್ನು 40 ಮಿ.ಮೀ. ತಗ್ಗಿಸಿದರೆ ಉಳಿಯುವುದು 40. ಅರವತ್ತು ಬೇಡುವ ಗುಂಡಿ ಬಂದಾಗ ಸ್ಪ್ರಿಂಗಿನ ಆಟ ಮುಗಿದು, ತಡೆಯ ರಬ್ಬರಿಗೆ ಬಡಿದು, ಪೆಟ್ಟು ನೇರವಾಗಿ ಮೈಗೂ ಪ್ರಯಾಣಿಕರಿಗೂ ಮುಟ್ಟುತ್ತದೆ. ಆಗ ಕಾರು ಎತ್ತಿನ ಗಾಡಿಯಾಯಿತು!

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ರಸ್ತೆಯ ಉಬ್ಬು ಗೊತ್ತಾದ ಅಳತೆಯಲ್ಲಿ ಇರಬೇಕು. ಊರವರೇ ಹಾಕಿಕೊಂಡ ಉಬ್ಬುಗಳು ಈ ಅಳತೆಗೆ ಸಿಕ್ಕುವುದಿಲ್ಲ. ರಾಯದುರ್ಗದಿಂದ ಕಣೇಕಲ್ಲಿಗೋ, ಮಡಕಶಿರಾದಿಂದ ರೊಳ್ಳ, ಅಮರಾಪುರಗಳಿಗೋ ಐದು ಜನ ಕುಳಿತು ಹೋಗುವ ಕಾರಿಗೆ ತಗ್ಗು ಅಂದಕ್ಕಿಂತ ಚಕ್ರದ ಆಟವೇ ಮುಖ್ಯ.

5. ಜೋಡಿಸುವ ಕ್ರಮ

ಈ ಕೆಲಸ ಮಕ್ಕಳು ಒಬ್ಬರೇ ಮಾಡುವುದಲ್ಲ. ಕೆಲಸ ಬಲ್ಲ ಹಿರಿಯರ ಜೊತೆಯಲ್ಲಿದ್ದು ನೋಡಿ ಕಲಿಯತಕ್ಕದ್ದು.

(ಅ) ಗಟ್ಟಿಯಾದ ಸಮತಲ ನೆಲ ಬೇಕು. ಕೆಲಸಕ್ಕೆ ಮುಂಚೆ ಪ್ರತಿ ಚಕ್ರದ ನಡುವಿನಿಂದ ಅದರ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು ಪುಸ್ತಕದಲ್ಲಿ ಬರೆದಿಡಬೇಕು.

(ಆ) ಎತ್ತದ ಚಕ್ರಗಳಿಗೆ ಹಿಂದೆ ಮುಂದೆ ಮರದ ದಪ್ಪ ತುಂಡುಗಳನ್ನು ಕೊಡಬೇಕು. ನೆಲದ ಮೇಲಿರುವಾಗಲೇ ಚಕ್ರದ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ, ಆಮೇಲೆ ಜಾಕಿಯಿಂದ ಎತ್ತಬೇಕು. ಜಾಕಿ ಎತ್ತುವುದಕ್ಕೆ ಮಾತ್ರ. ಹೊತ್ತು ನಿಲ್ಲುವುದಕ್ಕೆ ಅಲ್ಲ. ಮೈಯ ಕೆಳಗೆ ಉಕ್ಕಿನ ಸ್ಟ್ಯಾಂಡುಗಳನ್ನು ಇಡದೆ ಕೈಯನ್ನೂ ಒಳಗೆ ಹಾಕಬಾರದು. ಇಟ್ಟಿಗೆ, ಸಿಮೆಂಟ್ ಬ್ಲಾಕುಗಳನ್ನು ಇಡಲೇಬಾರದು. ಅವು ಸದ್ದಿಲ್ಲದೆ ಸೀಳುತ್ತವೆ.

(ಇ) ಸ್ಟ್ರಟ್ಟಿಗೆ ಹಿಡಿದಿರುವ ಬ್ರೇಕಿನ ಪೈಪು, ವೈರುಗಳನ್ನು ಬಿಡಿಸಿ ಪಕ್ಕಕ್ಕೆ ಕಟ್ಟಬೇಕು. ಚಕ್ರದ ಗುಂಬವನ್ನು ಪೈಪಿನಿಂದ ನೇತಾಡಲು ಬಿಡಬಾರದು. ಬೋಲ್ಟುಗಳ ಹಳೆಯ ಸ್ಥಾನಕ್ಕೆ ಬಣ್ಣದ ಗುರುತು ಹಾಕಿ, ಕೆಳಗಿನ ಬೋಲ್ಟುಗಳನ್ನು ತೆಗೆದು, ಒಬ್ಬರು ಸ್ಟ್ರಟ್ಟನ್ನು ಹಿಡಿದಿರುವಾಗ ಇನ್ನೊಬ್ಬರು ಮೇಲಿನ ಸುತ್ತಣ ನಟ್ಟುಗಳನ್ನು ಬಿಚ್ಚಬೇಕು.

(ಈ) ಸ್ಟ್ರಟ್ಟಿನ ತುದಿಯ ನಟ್ಟನಡುವಿನ ನಟ್ಟನ್ನು ಮಾತ್ರ ಮುಟ್ಟಬಾರದು. ಹೊರಗೆ ತೆಗೆದ ಮೇಲೂ ಸ್ಪ್ರಿಂಗು ಒತ್ತಿಕೊಂಡೇ ಇರುತ್ತದೆ. ಅದು 60 ಮಿ.ಮೀ. ಒತ್ತಿಕೊಂಡಿದೆ ಎಂದರೆ ನಮ್ಮ ಲೆಕ್ಕದಂತೆ 1500 ನ್ಯೂಟನ್ ಬಲ, ಅಂದರೆ ಸುಮಾರು ಒಂದೂವರೆ ಕ್ವಿಂಟಲ್ ಭಾರ, ಆ ಒಂದು ನಟ್ಟನ್ನು ತಳ್ಳುತ್ತಿರುತ್ತದೆ. ನಟ್ಟು ಕಳಚಿದರೆ ಸ್ಪ್ರಿಂಗು ಬಾಣದಂತೆ ಹಾರುತ್ತದೆ. ಹಳೆಯ ಸ್ಟ್ರಟ್ಟನ್ನು ಬಿಡಿಸಲೇಬೇಕಾದರೆ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸಾಧನವಿರುವ ಕಾರ್ಯಾಗಾರಕ್ಕೆ ಕೊಡಬೇಕು.

(ಉ) ಹೊಸ ಜೋಡಿಯನ್ನು ಕೂರಿಸಿ, ಎಲ್ಲ ಬೋಲ್ಟುಗಳನ್ನು ಕೈಯಿಂದ ಹಾಕಿದ ಮೇಲೆಯೇ ಬಿಗಿಯಬೇಕು. ಕೊನೆಯ ಬಿಗಿತ ತಯಾರಕರ ಪುಸ್ತಕದಲ್ಲಿರುವ ಅಳತೆಗೆ, ಟಾರ್ಕ್ ರೆಂಚಿನಿಂದ. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಕಾರಿನ ಭಾರ ಚಕ್ರಗಳ ಮೇಲೆ ಬಿದ್ದಾಗ ಬಿಗಿಯಬೇಕು; ಇಲ್ಲವಾದರೆ ರಬ್ಬರ್ ಸದಾ ತಿರುಚಿಕೊಂಡು ಬೇಗ ಹರಿಯುತ್ತದೆ.

6. ಹೊಂದಿಸುವ ಕ್ರಮ

ಎಡಬಲದ ಬಳೆಗಳನ್ನು ಮೊದಲು ಸಮನಾದ ಅಳತೆಗೆ ಇಟ್ಟು, ಮೇಲಿನ ಬಳೆಗೆ ಕೆಳಗಿನ ಬಳೆಯನ್ನು ಒತ್ತಿ ಬೀಗ ಹಾಕಬೇಕು. ಕೆಲವು ಕಿಲೋಮೀಟರ್ ನಿಧಾನವಾಗಿ ಓಡಿಸಿದರೆ ಸ್ಪ್ರಿಂಗು ತನ್ನ ಸ್ಥಾನದಲ್ಲಿ ಕೂರುತ್ತದೆ. ಆಗ ಮತ್ತೆ ಅಳೆದು ಸರಿಪಡಿಸಿ, ಬೋಲ್ಟುಗಳ ಬಿಗಿತವನ್ನೂ ನೋಡಬೇಕು. ಎತ್ತರ ಬದಲಾದರೆ ಚಕ್ರದ ಓರೆಯೂ ಬದಲಾಗುತ್ತದೆ. ಆದುದರಿಂದ ಅಲೈನ್‌ಮೆಂಟ್ ಮಾಡಿಸದಿದ್ದರೆ ಟಯರು ಒಂದೇ ಪಕ್ಕ ಸವೆಯುತ್ತದೆ. ದೀಪದ ಬೆಳಕು ಬೀಳುವ ಸ್ಥಳವನ್ನೂ ನೋಡಬೇಕು.

ತಣಿಸುವ ಗುಂಡಿಯನ್ನು ಪೂರ್ತಿ ಬಿಗಿದು, ಅಲ್ಲಿಂದ ಎಷ್ಟು ಮೆಟ್ಟು ಬಿಚ್ಚಿದೆವೆಂದು ಎಣಿಸಿ, ಎಡಬಲ ಸಮನಾಗಿ ಇಡಬೇಕು. ಗುಂಡಿ ದಾಟಿದ ಮೇಲೂ ಕಾರು ಕುಣಿಯುತ್ತಿದ್ದರೆ ಒಂದೆರಡು ಮೆಟ್ಟು ಬಿಗಿಯಬೇಕು. ಸಣ್ಣ ಕಲ್ಲುಗಳೆಲ್ಲ ಆಸನಕ್ಕೆ ತಟ್ಟಿದರೆ ಬಿಚ್ಚಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಬರೆದಿಡುವುದು ನಿಯಮ. ಪ್ರಯೋಗಶಾಲೆಯಲ್ಲಿ ನಾವು ಪಾಲಿಸುವುದೂ ಇದನ್ನೇ.

ಕಾಯಿದೆಯನ್ನೂ ತಿಳಿದಿರಬೇಕು. ತಯಾರಕರು ಮೊದಲು ನಿಗದಿ ಮಾಡಿದ್ದಕ್ಕೆ ನೋಂದಣಿ ಪತ್ರದ ವಿವರಗಳು ಹೊಂದದೆ ಹೋಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ವಿಧಿ ನಿಷೇಧಿಸುತ್ತದೆ. ಹಣ ಖರ್ಚು ಮಾಡುವ ಮುಂಚೆ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಜಾಣತನ.

7. ಮನೆಯಲ್ಲೇ ಇರುವ ಉದಾಹರಣೆ

ಕಾರು ಇಲ್ಲದವರು ನಿರಾಶರಾಗಬೇಕಿಲ್ಲ. ನಿಮ್ಮ ಮನೆಯ ಮೋಟಾರು ಸೈಕಲ್ಲಿನ ಹಿಂಚಕ್ರದ ಪಕ್ಕದಲ್ಲಿ ನೋಡಿರಿ: ಶಾಕ್ ಅಬ್ಸಾರ್ಬರಿನ ಸುತ್ತ ಸುರುಳಿ ಸ್ಪ್ರಿಂಗು, ಅದರ ಒಂದು ತುದಿಯಲ್ಲಿ ಮೆಟ್ಟಿಲುಗಳಿರುವ ಬಳೆ. ಇದೂ ಕಾಯಿಲ್‌ಓವರೇ! ಅನೇಕ ಗಾಡಿಗಳಲ್ಲಿ ಐದು ಮೆಟ್ಟಿಲುಗಳಿರುತ್ತವೆ. ಒಬ್ಬರೇ ಹೋಗುವಾಗ ಕೆಳಗಿನ ಮೆಟ್ಟಿಲು ಸಾಕು. ಹಿಂದೆ ಇನ್ನೊಬ್ಬರು ಕುಳಿತು, ಮೇಲೊಂದು ಕಡಲೇಕಾಯಿ ಚೀಲ ಹೇರಿದಾಗ ಹಿಂಭಾಗ ಕುಸಿಯುತ್ತದೆ. ಚಕ್ರದ ಆಟ ಮುಗಿಯುತ್ತದೆ. ದೀಪ ಮೇಲಕ್ಕೆ ತಿರುಗಿ ಎದುರು ಬರುವವನ ಕಣ್ಣು ಕುಕ್ಕುತ್ತದೆ. ಗಾಡಿಯೊಡನೆ ಕೊಟ್ಟ ಸ್ಪಾನರಿನಿಂದ ಎರಡೂ ಕಡೆಯ ಬಳೆಗಳನ್ನು ಒಂದೇ ಮೆಟ್ಟಿಲಿಗೆ ಏರಿಸಿದರೆ ಕಳೆದ ಎತ್ತರ ಮರಳುತ್ತದೆ. ಖರ್ಚಿಲ್ಲದ ಈ ಕೆಲಸವನ್ನು ಮಾಡದೆ ಎಷ್ಟೋ ಗಾಡಿಗಳು ಕೊಂಡ ದಿನದ ಮೆಟ್ಟಿಲಿನಲ್ಲೇ ಓಡುತ್ತಿವೆ.

8. ಮಾಡಿ ನೋಡಿರಿ

(1) ಒಂದು ಮೆದು ಸ್ಪ್ರಿಂಗಿಗೆ 50, 100, 150, 200 ಗ್ರಾಂ ತೂಕಗಳನ್ನು ಕ್ರಮವಾಗಿ ತೂಗುಹಾಕಿ, ಹಿಗ್ಗಿದ ಉದ್ದವನ್ನು ಅಳೆದು ನಕ್ಷೆ ಬರೆಯಿರಿ. ಸರಳರೇಖೆ ಬರುವುದೇ?

(2) 200 ಗ್ರಾಂ ತೂಕವನ್ನು ಸ್ವಲ್ಪ ಎಳೆದು ಬಿಟ್ಟು, ನಿಲ್ಲುವವರೆಗೆ ಆಂದೋಲನಗಳನ್ನು ಎಣಿಸಿರಿ. ಅದೇ ತೂಕವನ್ನು ನೀರಿನಲ್ಲಿಯೂ ಅನಂತರ ಕಡಲೇಕಾಯಿ ಎಣ್ಣೆಯಲ್ಲಿಯೂ ಮುಳುಗಿರುವಂತೆ ಮಾಡಿ ಎಣಿಸಿರಿ. ಎಲ್ಲಿ ಬೇಗ ನಿಂತಿತು? ಏಕೆ?

(3) ಸ್ಪ್ರಿಂಗು ತೂಗುಹಾಕಿದ ಕೊಂಡಿಯನ್ನು 2 ಸೆಂ.ಮೀ. ಮೇಲಕ್ಕೆ ಸರಿಸಿರಿ. ತೂಕ ಎಷ್ಟು ಏರಿತು? ಸ್ಪ್ರಿಂಗಿನ ಉದ್ದ ಬದಲಾಯಿತೇ?

ಮೂರನೆಯ ಪ್ರಶ್ನೆಗೆ ಸರಿಯಾಗಿ ಉತ್ತರ ಬರೆದವರಿಗೆ ಕಾಯಿಲ್‌ಓವರಿನ ಬಳೆಯ ಗುಟ್ಟು ತಿಳಿದಂತೆಯೇ. ಗ್ಯಾರೇಜಿನಲ್ಲಿ ಕೆಲಸ ಕಲಿಯಹೋಗುವ ನಮ್ಮ ಹುಡುಗರು ಸ್ಪಾನರಿನ ಜೊತೆಗೆ ಈ ಉತ್ತರವನ್ನೂ ಕೊಂಡೊಯ್ದರೆ ಅವರ ಕೈಗೂ ಕ್ಷೇಮ, ಆ ಗಾಡಿಯಲ್ಲಿ ಕುಳಿತು ಹೋಗುವವರಿಗೂ ಕ್ಷೇಮ.