ಆರೋಪ, ಗುಮಾನಿ ಮತ್ತು ನಮ್ಮ ನಾಲಗೆ

ಹಸುಗೂಸುಗಳ ಸಾವಿನ ಸುದ್ದಿ ಕೇಳಿದಾಗ ಮನಸ್ಸು ಸ್ಥಿಮಿತದಲ್ಲಿರುವುದು ಕಷ್ಟ. ಆ ಸಾವಿಗೆ ಆರೈಕೆ ಮಾಡಬೇಕಾಗಿದ್ದ ದಾದಿಯೇ ಕಾರಣವೆಂಬ ಆರೋಪ ಬಂದರಂತೂ ಕೇಳುವುದೇ ಬೇಡ. ನ್ಯಾಯಾಲಯವು ತಿಂಗಳುಗಟ್ಟಲೆ ಸಾಕ್ಷ್ಯಗಳನ್ನು ಆಲಿಸಿ ಕೊಡುವ ತೀರ್ಪನ್ನು ನಾವು ಒಂದು ಲೋಟ ಚಹಾ ಮುಗಿಯುವುದರೊಳಗೆ ಕೊಟ್ಟುಬಿಡುತ್ತೇವೆ. ಸಮುದ್ರದಾಚೆಯ ಮೊಕದ್ದಮೆಯಾದರೂ ಸರಿಯೇ, ಮೊಬೈಲಿನ ಮೂಲಕ ಅದು ದಾಂಡೇಲಿ, ಹಳಿಯಾಳದ ಮನೆಗಳಿಗೂ ಬಂದು ಮುಟ್ಟುತ್ತದೆ. ಮುಟ್ಟಿದ ಮೇಲೆ ನಮ್ಮ ನಾಲಗೆಗೂ ಅದರ ಲೆಕ್ಕ ಸೇರುತ್ತದೆ.

ಇಂಗ್ಲೆಂಡಿನ ಲೂಸಿ ಲೆಟ್ಬಿ ಎಂಬ ದಾದಿಯ ಪ್ರಕರಣವನ್ನು ನೀವು ಕೇಳಿರಬಹುದು. ಚೆಸ್ಟರ್ ನಗರದ ಆಸ್ಪತ್ರೆಯ ನವಜಾತ ಶಿಶುಗಳ ವಿಭಾಗದಲ್ಲಿ 2015ರ ಜೂನ್‌ನಿಂದ 2016ರ ಜೂನ್‌ವರೆಗೆ ಶಿಶುಗಳ ಸಾವು ವಾಡಿಕೆಗಿಂತ ಹೆಚ್ಚಾಯಿತು. 2017ರಲ್ಲಿ ಪೊಲೀಸ್ ತನಿಖೆ ಆರಂಭವಾಯಿತು. 2018ರ ಜುಲೈನಲ್ಲಿ ಆಕೆಯನ್ನು ಮೊದಲ ಬಾರಿ ಬಂಧಿಸಲಾಯಿತು. ವಿಚಾರಣೆ ಶುರುವಾದದ್ದು 2022ರ ಅಕ್ಟೋಬರ್‌ನಲ್ಲಿ, ಮ್ಯಾಂಚೆಸ್ಟರಿನಲ್ಲಿ. ಏಳು ಶಿಶುಗಳ ಕೊಲೆ ಮತ್ತು ಇನ್ನೂ ಆರು ಶಿಶುಗಳ ಕೊಲೆಯತ್ನದ ಅಪರಾಧಿಯೆಂದು 2023ರ ಆಗಸ್ಟ್‌ನಲ್ಲಿ ತೀರ್ಪು ಬಂತು. 2024ರ ಜುಲೈನಲ್ಲಿ ಮತ್ತೊಂದು ಕೊಲೆಯತ್ನವೂ ಸಾಬೀತಾಯಿತೆಂದು ಇನ್ನೊಂದು ತೀರ್ಪುಗಾರರ ಮಂಡಳಿ ಹೇಳಿತು. ಸಾಯುವವರೆಗೂ ಸೆರೆಮನೆಯೇ ಎಂಬ ಶಿಕ್ಷೆ. ಮೇಲ್ಮನವಿಗೆ ಅನುಮತಿ ಸಿಗಲಿಲ್ಲ. ಆದರೆ 2025ರ ಫೆಬ್ರವರಿಯಲ್ಲಿ ಕೆನಡಾದ ವೈದ್ಯ ಶೂ ಲೀ ಅವರ ನೇತೃತ್ವದ ಹದಿನಾಲ್ಕು ತಜ್ಞರ ತಂಡವೊಂದು ದಾಖಲೆಗಳನ್ನು ಪರಿಶೀಲಿಸಿ, ಕೊಲೆಗೆ ವೈದ್ಯಕೀಯ ಪುರಾವೆ ಕಾಣುತ್ತಿಲ್ಲ ಎಂದು ಹೇಳಿತು. ಶಿಶುಗಳ ಹೆತ್ತವರ ಗಾಯ ಮತ್ತೆ ತೆರೆದುಕೊಂಡಿತು.

ಇಲ್ಲಿ ಒಂದು ವಿಷಯವನ್ನು ಗಮನಿಸಿ. ಆ ನ್ಯಾಯಾಲಯವು ಶಿಶುಗಳ ಹೆಸರು ಹೊರಬೀಳದಂತೆ ಆಜ್ಞೆ ಮಾಡಿತ್ತು. ಎ, ಬಿ, ಸಿ ಎಂಬ ಅಕ್ಷರಗಳಿಂದಲೇ ಅವರನ್ನು ಗುರುತಿಸಲಾಯಿತು, ಎ ಯಿಂದ ಕ್ಯೂವರೆಗೆ ಹದಿನೇಳು ಶಿಶುಗಳು. ನಮ್ಮಲ್ಲಿ ಇಂಥ ದುರಂತ ನಡೆದರೆ ಮೊದಲು ಹರಿದಾಡುವುದೇ ಮಗುವಿನ ಭಾವಚಿತ್ರ ಮತ್ತು ಅಳುತ್ತಿರುವ ತಾಯಿಯ ಮುಖ. ಕಳುಹಿಸುವವನು ಅದನ್ನು ಅನುಕಂಪವೆಂದೇ ತಿಳಿದಿರುತ್ತಾನೆ.

ಹಾಗಾದರೆ ಆಕೆ ತಪ್ಪಿತಸ್ಥಳೋ ಅಲ್ಲವೋ? ಓದುಗರೇ, ದಾಂಡೇಲಿಯಲ್ಲಿ ಕುಳಿತು ಅದನ್ನು ಹೇಳಲು ನಾನೂ ನೀವೂ ಯಾರು? ಆದರೂ ಮನುಷ್ಯನ ಗುಮಾನಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅರಿಯುವುದು ನಮ್ಮ ಕೈಯಲ್ಲಿದೆ. ಅದಕ್ಕೆ ಹಾಲೆಂಡಿನ ಇನ್ನೊಬ್ಬ ದಾದಿಯ ಕತೆ ನೆರವಾಗುತ್ತದೆ.

ಲೂಸಿಯಾ ಡಿ ಬರ್ಕ್ ಹೇಗ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 2001ರ ಸೆಪ್ಟೆಂಬರ್‌ನಲ್ಲಿ ಒಂದು ಹಸುಳೆ ತೀರಿಕೊಂಡಿತು. ಅನುಮಾನ ಹುಟ್ಟಿತು. ಹಳೆಯ ಸಾವುಗಳನ್ನೆಲ್ಲ ಅಗೆದು ನೋಡಿದಾಗ ಬಹಳಷ್ಟು ಬಾರಿ ಈಕೆಯೇ ಪಾಳಿಯಲ್ಲಿದ್ದಳು ಎಂದಾಯಿತು. ಇದು ಆಕಸ್ಮಿಕವಾಗಿ ನಡೆಯುವ ಸಂಭವ 34 ಕೋಟಿಯಲ್ಲಿ ಒಂದು ಎಂದು ಪರಿಣತನೊಬ್ಬ ಲೆಕ್ಕ ಕೊಟ್ಟ. ಅಷ್ಟು ದೊಡ್ಡ ಸಂಖ್ಯೆ ಕೇಳಿದ ಮೇಲೆ ಜನರಿಗೆ ಬೇರೇನು ಬೇಕು? 2003ರಲ್ಲಿ ಜೀವಾವಧಿ ಶಿಕ್ಷೆಯಾಯಿತು.

ಆ ಲೆಕ್ಕದಲ್ಲಿನ ದೋಷವನ್ನು ತಿಳಿಯಲು ಗಣಿತ ಪಂಡಿತರಾಗಬೇಕಿಲ್ಲ. ದಾಂಡೇಲಿಯವರಿಗೆ ಪಾಳಿ ಎಂದರೇನೆಂದು ಹೇಳಿಕೊಡಬೇಕಾಗಿಯೂ ಇಲ್ಲ. ಯಾವುದೋ ಕಾರ್ಖಾನೆಯಲ್ಲಿ ವರ್ಷದಲ್ಲಿ ಮೂವತ್ತು ಬಾರಿ ಯಂತ್ರ ಕೆಟ್ಟಿತೆನ್ನಿ. ಒಬ್ಬ ಕೆಲಸಗಾರನ ಮೇಲೆ ಮೇಸ್ತ್ರಿಗೆ ಮೊದಲೇ ಗುಮಾನಿ ಇದೆ. ಅವನಿದ್ದಾಗ ಕೆಟ್ಟದ್ದನ್ನು ಮಾತ್ರ ‘ಅನುಮಾನಾಸ್ಪದ’ ಎಂದು ಬರೆದುಕೊಂಡು, ಅವನಿಲ್ಲದಾಗ ಕೆಟ್ಟದ್ದನ್ನು ‘ಸಹಜ’ ಎಂದು ಬದಿಗಿಟ್ಟರೆ ಏನಾಗುತ್ತದೆ? ಪಟ್ಟಿಯ ತುಂಬ ಅವನ ಹೆಸರೇ ಇರುತ್ತದೆ. ಪಟ್ಟಿಯನ್ನು ನೋಡಿದವರು ಬೆಚ್ಚಿಬೀಳುತ್ತಾರೆ. ಅವನು ಹೆಚ್ಚು ಪಾಳಿ ಮಾಡುವವನೋ, ಹಳೆಯ ಯಂತ್ರದ ಮೇಲೇ ಅವನನ್ನು ಹಾಕುತ್ತಿದ್ದರೋ ಎಂದು ಯಾರೂ ಕೇಳುವುದಿಲ್ಲ. ಆಸ್ಪತ್ರೆಯಲ್ಲಿಯೂ ಹಾಗೆಯೇ. ಅನುಭವವುಳ್ಳ ದಾದಿಯ ಕೈಗೆ ಅತ್ಯಂತ ದುರ್ಬಲ ಶಿಶುಗಳು ಬರುತ್ತವೆ, ಅವುಗಳಲ್ಲಿಯೇ ಸಾವು ಹೆಚ್ಚು. ಚೆಸ್ಟರಿನ ಮೊಕದ್ದಮೆಯಲ್ಲಿಯೂ ಒಂದು ಪಾಳಿ ಪಟ್ಟಿಯನ್ನು ತೋರಿಸಲಾಗಿತ್ತು, ಅದನ್ನು ಕೆಲವು ಸಂಖ್ಯಾಶಾಸ್ತ್ರಜ್ಞರು ಪ್ರಶ್ನಿಸಿದರು. ಅಲ್ಲಿ ಪಟ್ಟಿಯಲ್ಲದೆ ಇತರ ಸಾಕ್ಷ್ಯಗಳೂ ಇದ್ದವೆಂಬುದನ್ನು ಮರೆಯಬಾರದು.

ಇನ್ನೊಂದು ಹೋಲಿಕೆಯಿದೆ. ಲೂಸಿಯಾರ ದಿನಚರಿಯಲ್ಲಿ ತನಗೊಂದು ಅದಮ್ಯ ಒತ್ತಡವಿದೆ, ಅದು ಗುಟ್ಟು ಎಂಬರ್ಥದ ಬರಹವಿತ್ತು. ಕೊಲ್ಲುವ ಒತ್ತಡವೇ ಅದು ಎಂದರು ಆರೋಪಿಸಿದವರು. ರೋಗಿಗಳಿಗೆ ಕಾರ್ಡು ಹಾಕಿ ಭವಿಷ್ಯ ನೋಡುವ ಚಟ ಅದು ಎಂದರು ಆಕೆ. ಲೆಟ್ಬಿಯ ಮನೆಯಲ್ಲಿ ಸಿಕ್ಕಿದ ಚೀಟಿಯಲ್ಲಿ ತಾನೇ ಇದನ್ನು ಮಾಡಿದೆ ಎಂಬ ಮಾತೂ ಇತ್ತು, ತಾನೇನೂ ತಪ್ಪು ಮಾಡಿಲ್ಲ ಎಂಬ ಮಾತೂ ಇತ್ತು. ಒಬ್ಬರು ಅದನ್ನು ತಪ್ಪೊಪ್ಪಿಗೆಯೆಂದು ಓದಿದರು, ಇನ್ನೊಬ್ಬರು ನೊಂದ ಮನಸ್ಸಿನ ಕೂಗೆಂದು ಓದಿದರು. ಯುದ್ಧಭೂಮಿಯಲ್ಲಿ ಕಲಿಮಾ ಹೇಳಿದ ಶತ್ರುವನ್ನು, ಹೆದರಿ ಹೇಳಿದನೆಂದು ಭಾವಿಸಿ ಹಝ್ರತ್ ಉಸಾಮಾ(ರ) ಕೊಂದಾಗ, ಅವನ ಎದೆಯನ್ನು ಸೀಳಿ ನೋಡಿದ್ದೆಯಾ ಎಂದು ಪ್ರವಾದಿವರ್ಯರು(ಸ) ಮತ್ತೆ ಮತ್ತೆ ಕೇಳಿದ್ದು ಇಲ್ಲಿ ನೆನಪಾಗುತ್ತದೆ.

ಲೂಸಿಯಾರ ಮೊಕದ್ದಮೆ 2008ರಲ್ಲಿ ಮತ್ತೆ ತೆರೆಯಿತು. 2010ರ ಏಪ್ರಿಲ್‌ನಲ್ಲಿ ಅವರು ನಿರ್ದೋಷಿಯೆಂದು ಘೋಷಿಸಲಾಯಿತು. ಅಷ್ಟರಲ್ಲಿ ಸೆರೆಯಲ್ಲಿದ್ದಾಗಲೇ ಅವರಿಗೆ ಪಾರ್ಶ್ವವಾಯು ಬಡಿದಿತ್ತು. ಅವರನ್ನು ಬಿಡಿಸಿದವರು ಯಾರು? ಬೀದಿಯಲ್ಲಿ ‘ಪಾಪ’ ಎಂದವರಲ್ಲ. ಕಡತಗಳನ್ನು ಪುಟಪುಟವಾಗಿ ಓದಿದ ಒಬ್ಬ ವೈದ್ಯೆ, ಆಕೆಯ ಸಹೋದರ, ರಿಚರ್ಡ್ ಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞ ಮುಂತಾದವರು. ತೀರ್ಪನ್ನು ಪ್ರಶ್ನಿಸುವುದೇ ವದಂತಿ ಎಂದು ಯಾರೂ ತಿಳಿಯಬಾರದು. ಅರಿತು ಪ್ರಶ್ನಿಸುವುದು ಬೇರೆ, ಕೇಳಿದ್ದನ್ನು ದಾಟಿಸುವುದು ಬೇರೆ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನು ಸುಳ್ಳುಗಾರನಾಗಲು ಸಾಕು ಎಂಬ ಅರ್ಥದ ಹದೀಸ್ ಇರುವುದು ಈ ಎರಡನೆಯವನ ಬಗ್ಗೆ.

ನಮ್ಮ ನಾಡಿಗೇ ಬನ್ನಿ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಮಕ್ಕಳ ಕಳ್ಳರೆಂಬ ಗುಮಾನಿಯ ಮೇಲೆ ಹೈದರಾಬಾದಿನ ಯುವಕನೊಬ್ಬನನ್ನು ಜನರೇ ಹೊಡೆದು ಕೊಂದರು. ಅವನೂ ಅವನ ಗೆಳೆಯರೂ ಮಾಡಿದ್ದು ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕಲೇಟು ಕೊಟ್ಟದ್ದು. ವಾಟ್ಸ್ಆ್ಯಪ್ ಸಂದೇಶ ಅವರ ಕಾರಿಗಿಂತ ವೇಗವಾಗಿ ಓಡಿತ್ತು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ತೀರಿಕೊಂಡಾಗ ಸಂದೇಹವು ಕೊನೆಗೆ ಹೋಗಿ ನಿಂತದ್ದು ರಕ್ತನಾಳಕ್ಕೆ ಕೊಡುವ ದ್ರಾವಣದ ಬಾಟಲಿಯ ಮೇಲೆ. ಸರಕಾರವು ಆ ಕಂಪೆನಿಯ ದ್ರಾವಣವನ್ನು ತಡೆಹಿಡಿಯಿತು. ಸೂಜಿ ಚುಚ್ಚಿದ ದಾದಿ ಕಣ್ಣಿಗೆ ಕಾಣುತ್ತಾಳೆ, ಬಾಟಲಿ ತಯಾರಾದ ಊರು ಕಾಣುವುದಿಲ್ಲ.

ಜೋಯಿಡಾದ ಕಾಡಿನ ಹಳ್ಳಿಗಳಲ್ಲಿ, ಮುಂಡಗೋಡದ ತಾಂಡಾಗಳಲ್ಲಿ ಗರ್ಭಿಣಿಗೆ ಮೊದಲು ಸಿಗುವ ವೈದ್ಯಕೀಯ ನೆರವೆಂದರೆ ಆರೋಗ್ಯ ಸಹಾಯಕಿ, ಆಶಾ ಕಾರ್ಯಕರ್ತೆ. ಒಂದು ಲಸಿಕೆಯ ಮರುದಿನ ಒಂದು ಮಗು ಬೇರಾವುದೋ ಕಾರಣಕ್ಕೆ ತೀರಿಕೊಂಡು, ‘ಆಕೆ ಏನೋ ಚುಚ್ಚಿದಳಂತೆ’ ಎಂಬ ಒಂದು ಮಾತು ಹೊರಟರೆ ಸಾಕು, ಹತ್ತು ತಾಯಂದಿರು ಬಾಗಿಲು ಮುಚ್ಚಿಕೊಳ್ಳುತ್ತಾರೆ. ಆ ಮುಚ್ಚಿದ ಬಾಗಿಲುಗಳ ಹಿಂದೆ ದಡಾರದಿಂದ ಮಗುವೊಂದು ಸತ್ತರೆ ಅದರ ಲೆಕ್ಕವನ್ನು ಯಾರು ಬರೆದಿಡುತ್ತಾರೆ?

ಮದೀನಾದಲ್ಲಿ ಒಂದು ಘಟನೆ ನಡೆಯಿತೆಂದು ವ್ಯಾಖ್ಯಾನಕಾರರು ತಿಳಿಸುತ್ತಾರೆ. ಮುಸ್ಲಿಮ್ ಕುಟುಂಬವೊಂದರವನು ಯುದ್ಧ ಕವಚವನ್ನು ಕದ್ದು ಒಬ್ಬ ಯಹೂದಿಯ ಮನೆಯಲ್ಲಿ ಇಟ್ಟ. ಮಾಲು ಅಲ್ಲಿ ಸಿಕ್ಕಿತು. ಕಳ್ಳನ ಬಂಧುಗಳು ಗುಂಪಾಗಿ ಬಂದು ವಾದಿಸಿದರು, ಊರಿನ ಮಾತೂ ಅವರ ಕಡೆಗೇ ಇತ್ತು. ಆಗ ಅನ್ನಿಸಾಅ್ ಅಧ್ಯಾಯದ ಸೂಕ್ತಗಳು ಅವತೀರ್ಣಗೊಂಡು ಆ ಯಹೂದಿ ನಿರಪರಾಧಿಯೆಂದು ಸಾರಿದವು. ತನ್ನ ಪಾಪವನ್ನು ಮುಗ್ಧನ ಮೇಲೆ ಹೊರಿಸುವವನು ಎಂಥ ಹೊರೆ ಹೊರುತ್ತಾನೆಂದು ಅಲ್ಲಿಯೇ ಎಚ್ಚರಿಸಲಾಗಿದೆ. ಸಾಕ್ಷ್ಯ ಕಣ್ಣಿಗೆ ಹೊಡೆಯುವಂತಿತ್ತು, ಆದರೂ ಸುಳ್ಳಾಗಿತ್ತು.

ಹಾಗೆಂದು ಕಂಡದ್ದನ್ನು ಮುಚ್ಚಿಡಬೇಕೆಂದಲ್ಲ. ಸಾಕ್ಷ್ಯವನ್ನು ಮರೆಮಾಚುವವನ ಹೃದಯ ಪಾಪಗ್ರಸ್ತವೆಂದು ಕುರ್‌ಆನ್ ಹೇಳುತ್ತದೆ. ಚೆಸ್ಟರಿನ ವೈದ್ಯರು ತಮ್ಮ ಆತಂಕವನ್ನು ಬೀದಿಯಲ್ಲಿ ಹೇಳಲಿಲ್ಲ, ಆಡಳಿತದ ಮುಂದಿಟ್ಟರು. ಅಲ್ಲಿ ಅವರ ಮಾತಿಗೆ ಬೆಲೆ ಸಿಗಲಿಲ್ಲ, 2017ರಲ್ಲಿ ಅವರಿಂದಲೇ ಆ ದಾದಿಗೆ ಕ್ಷಮೆಯ ಪತ್ರ ಬರೆಸಲಾಯಿತು. ಅಂತಿಮ ಸತ್ಯ ಏನೇ ಆಗಿರಲಿ, ಶಿಶುಗಳು ಸಾಯುತ್ತಿರುವಾಗ ತಾವು ಕಂಡದ್ದನ್ನು ಹೇಳಬೇಕಾದ ಕಡೆ ಹೇಳುವುದು ಅವರ ಕರ್ತವ್ಯವಾಗಿತ್ತು. ನಿಮ್ಮ ಊರಿನ ಆಸ್ಪತ್ರೆಯಲ್ಲಿ ಏನಾದರೂ ಕಂಡರೆ ದಿನಾಂಕ, ವೇಳೆ, ಕಂಡ ಸಂಗತಿ ಇಷ್ಟನ್ನು ಬರೆದು ತಾಲೂಕು ಆರೋಗ್ಯಾಧಿಕಾರಿಗೆ ಕೊಡಿ, ಬೇಕಾದರೆ ಪೊಲೀಸ್ ಠಾಣೆಗೆ ಕೊಡಿ. ಊಹಿಸಿದ್ದನ್ನು ಅದರೊಳಗೆ ಸೇರಿಸಬೇಡಿ.

ಇನ್ನು ಸುಳ್ಳು ಸುದ್ದಿ ಹರಡಿದವನನ್ನು ಏನು ಮಾಡಬೇಕು? ಹಝ್ರತ್ ಆಯಿಶಾರ(ರ) ಮೇಲೆ ಅಪವಾದ ಬಂದಾಗ ಒಂದು ತಿಂಗಳ ಕಾಲ ಮದೀನಾ ಗುಸುಗುಸು ಮಾತನಾಡಿತು. ಅವರ ಸವತಿ ಹಝ್ರತ್ ಝೈನಬ್‌ರನ್ನು(ರ) ಕೇಳಿದಾಗ, ನನ್ನ ಕಿವಿ ಕಣ್ಣುಗಳನ್ನು ನಾನು ಕಾಪಾಡಿಕೊಳ್ಳುತ್ತೇನೆ, ಆಕೆಯಲ್ಲಿ ಒಳಿತನ್ನಲ್ಲದೆ ಬೇರೇನನ್ನೂ ಕಂಡಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಮಾತನ್ನು ಹಬ್ಬಿಸಿದವರಲ್ಲಿ ಮಿಸ್ತಹ್ ಎಂಬವರೂ ಇದ್ದರು. ಅವರು ಹಝ್ರತ್ ಅಬೂಬಕರ್‌ರ(ರ) ಬಂಧು, ಬಡವರು, ಅವರದೇ ನೆರವಿನಿಂದ ಬದುಕುತ್ತಿದ್ದವರು. ಮಗಳ ನಿರಪರಾಧಿತ್ವ ಸಾಬೀತಾದ ಬಳಿಕ ಆ ನೆರವನ್ನು ನಿಲ್ಲಿಸುವೆನೆಂದು ಅಬೂಬಕರ್(ರ) ಆಣೆ ಹಾಕಿದರು. ಯಾವ ತಂದೆ ಹಾಕುವುದಿಲ್ಲ? ಆಗ ಅನ್ನೂರ್ ಅಧ್ಯಾಯದ ಸೂಕ್ತ ಬಂತು: ಕ್ಷಮಿಸಬೇಕು, ಅಲ್ಲಾಹನು ನಿಮ್ಮನ್ನು ಕ್ಷಮಿಸಬೇಕೆಂದು ನೀವು ಬಯಸುವುದಿಲ್ಲವೇ ಎಂಬ ಆಶಯದ್ದು. ಮಿಸ್ತಹ್‌ರಿಗೆ ಅಪವಾದದ ಶಿಕ್ಷೆಯೂ ಆಯಿತು. ಅಬೂಬಕರ್(ರ) ಆ ನೆರವನ್ನು ಮತ್ತೆ ಕೊಡತೊಡಗಿದರು.